ಐರಿಶ್ ಮತ್ತು ಅಸ್ಸಾಮಿ: ಭಾಷಿಕ ಸಾಮ್ಯದ ಮೂರು ಮೂಲಗಳು

1. ಪೀಠಿಕೆ

ಐರಿಶ್ ಇಂಡೋ-ಯುರೋಪಿಯನ್ ಕುಟುಂಬದ ಪಶ್ಚಿಮದ ಅಂಚಿನ ಭಾಷೆ. ಅಸ್ಸಾಮಿ ಅದೇ ಕುಟುಂಬದ ಪೂರ್ವದ ಅಂಚಿನ ಭಾಷೆಗಳಲ್ಲೊಂದು. ಮೊದಲನೆಯದು ಕೆಲ್ಟಿಕ್ ಶಾಖೆಯ ಗೊಯ್ಡೆಲಿಕ್ ಪಂಗಡಕ್ಕೂ ಎರಡನೆಯದು ಇಂಡೋ-ಆರ್ಯನ್ ಶಾಖೆಯ ಪೂರ್ವ ಪಂಗಡಕ್ಕೂ ಸೇರಿದವು. ಐರಿಶ್ ವಾಕ್ಯ ಕ್ರಿಯಾಪದದಿಂದ ಆರಂಭವಾಗುತ್ತದೆ. ಅಸ್ಸಾಮಿ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಇಷ್ಟು ದೂರದ ಈ ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಅನಿರೀಕ್ಷಿತವಾದ ಹಲವು ಹೋಲಿಕೆಗಳು ಕಾಣುತ್ತವೆ.

ಎರಡು ಭಾಷೆಗಳ ನಡುವಣ ಹೋಲಿಕೆಗೆ ಆಕಸ್ಮಿಕವನ್ನು ಬಿಟ್ಟರೆ ಮೂರು ಮೂಲಗಳಿರಬಹುದು: ಸಮಾನ ಪೂರ್ವಜ ಭಾಷೆಯಿಂದ ಬಂದ ಉತ್ತರಾಧಿಕಾರ, ಭಾಷಾ ಸಂಪರ್ಕ, ಮತ್ತು ಪ್ರತ್ಯೇಕವಾಗಿ ನಡೆದ ಸಮಾನಾಂತರ ಬೆಳವಣಿಗೆ. ಐರಿಶ್ ಮತ್ತು ಅಸ್ಸಾಮಿಗಳ ನಡುವೆ ನೇರ ಸಂಪರ್ಕ ನಡೆದಿಲ್ಲವಾದುದರಿಂದ, ಈ ಜೋಡಿ ಉಳಿದ ಎರಡು ಮೂಲಗಳನ್ನು ಬೇರ್ಪಡಿಸಿ ನೋಡಲು ತಕ್ಕ ಕ್ಷೇತ್ರವಾಗುತ್ತದೆ. ಪ್ರಸ್ತುತ ಲೇಖನ ನಾಲ್ಕು ಹೋಲಿಕೆಗಳನ್ನು ಆಯ್ದು, ಪ್ರತಿಯೊಂದರ ಮೂಲವನ್ನು ಪರಿಶೀಲಿಸುತ್ತದೆ. ಕಂಠ್ಯ ಅಘೋಷ ಘರ್ಷಧ್ವನಿಯನ್ನು ಇಲ್ಲಿ ‘ಖ಼’ ಎಂದು ಸೂಚಿಸಲಾಗಿದೆ.

2. ಧ್ವನಿಸಾಮ್ಯ: ಏಳು, ಹತ್ತು, ನೂರು

ಖ಼ಕಾರವು ಎರಡೂ ಭಾಷೆಗಳ ಎದ್ದುಕಾಣುವ ಧ್ವನಿ. ನೆರೆಯ ಬಂಗಾಳಿಯಿಂದ ಅಸ್ಸಾಮಿಯನ್ನು ಕೇಳಿದೊಡನೆ ಗುರುತಿಸಲು ನೆರವಾಗುವ ಲಕ್ಷಣಗಳಲ್ಲಿ ಇದೂ ಒಂದು. ‘ಏಳು’ ಎಂಬುದಕ್ಕೆ ಐರಿಶ್‌ನಲ್ಲಿ ‘ಶಖ಼್ತ್’, ಅಸ್ಸಾಮಿಯಲ್ಲಿ ‘ಖ಼ಾತ್’ ಎನ್ನುತ್ತಾರೆ. ಇವು ಜ್ಞಾತಿಪದಗಳೆಂಬುದು ನಿಸ್ಸಂದೇಹ. ಎರಡರಲ್ಲಿಯೂ ಖ಼ಕಾರವಿದೆ, ತಕಾರವಿದೆ. ಆದರೆ ಎರಡು ಖ಼ಕಾರಗಳು ಒಂದೇ ಎಂಬ ತೀರ್ಮಾನ ತಪ್ಪಾಗುತ್ತದೆ. ಸಂಸ್ಕೃತದ ‘ಸಪ್ತ’ವನ್ನು ಸಾಕ್ಷಿಯಾಗಿ ಇಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಐರಿಶ್‌ನ ಖ಼ಕಾರ ‘ಸಪ್ತ’ದ ಪಕಾರಕ್ಕೆ ಸಂವಾದಿ: ಕೆಲ್ಟಿಕ್‌ನಲ್ಲಿ ತಕಾರದ ಹಿಂದಿನ ಪಕಾರ ಖ಼ಕಾರವಾಯಿತು. ಅಸ್ಸಾಮಿಯ ಖ಼ಕಾರ ‘ಸಪ್ತ’ದ ಸಕಾರಕ್ಕೆ ಸಂವಾದಿ: ಹಳೆಯ ಊಷ್ಮಗಳು ಅಲ್ಲಿ ಪದಾದಿಯಲ್ಲಿ ಖ಼ಕಾರವಾಗಿವೆ. ಐರಿಶ್‌ನಲ್ಲಿ ಆದಿಯ ಊಷ್ಮ ಊಷ್ಮವಾಗಿಯೇ ಉಳಿಯಿತು. ಅಸ್ಸಾಮಿಯಲ್ಲಿ ಪಕಾರ ತಕಾರದಲ್ಲಿ ಲೀನವಾಯಿತು. ಪದಗಳು ಒಂದೇ ಮೂಲದವು; ಅವುಗಳಲ್ಲಿ ಒಂದರಂತೊಂದು ಕೇಳಿಸುವ ಧ್ವನಿ ಮಾತ್ರ ಒಂದೇ ಮೂಲದ್ದಲ್ಲ.

‘ಹತ್ತು’ ಇದಕ್ಕೆ ವಿರುದ್ಧವಾದ ನಿದರ್ಶನ. ಐರಿಶ್‌ನ ‘ದ್ಯೆಹ್’ ಮತ್ತು ಅಸ್ಸಾಮಿಯ ‘ದೊಹ್’ ಇವೆರಡರ ಅಂತ್ಯಧ್ವನಿಗಳು ನಿಜವಾಗಿಯೂ ಒಂದೇ ಮೂಲಧ್ವನಿಯಿಂದ ಬಂದವು. ಆದರೆ ಅವು ಹಿಡಿದ ದಾರಿಗಳು ಬೇರೆ. ಮೂಲದ ತಾಲವ್ಯ ಕಕಾರ ಕೆಲ್ಟಿಕ್‌ನಲ್ಲಿ ಸಾಮಾನ್ಯ ಕಕಾರವಾಗಿ, ಸ್ವರಮಧ್ಯದಲ್ಲಿ ಮೃದುವಾಗಿ ಘರ್ಷವಾಯಿತು. ಭಾರತದಲ್ಲಿ ಅದು ‘ದಶ’ದ ಶಕಾರವಾಗಿ, ಪ್ರಾಕೃತ ಹಂತದಲ್ಲಿ ಸಕಾರವಾಗಿ, ಕೊನೆಗೆ ಹಕಾರವಾಯಿತು.

‘ನೂರು’ ಮೂರನೆಯ ಬಗೆಯದು. ಅಸ್ಸಾಮಿಯಲ್ಲಿ ಅದು ‘ಖ಼ೊ’, ಐರಿಶ್‌ನಲ್ಲಿ ‘ಕೇದ್’. ‘ಇನ್ನೂರು’ ಎನ್ನುವಾಗ ಐರಿಶ್‌ನ ಕಕಾರವೂ ಘರ್ಷವಾಗುತ್ತದೆ. ಕುಟುಂಬವನ್ನು ‘ಕೆಂತುಮ್’ ಮತ್ತು ‘ಶತಮ್’ ವರ್ಗಗಳಾಗಿ ವಿಂಗಡಿಸುವ ರೂಢಿಯ ಪ್ರಕಾರ ಐರಿಶ್ ಮೊದಲನೆಯದಕ್ಕೂ ಅಸ್ಸಾಮಿ ಎರಡನೆಯದಕ್ಕೂ ಸೇರುತ್ತದೆ. ಅಸ್ಸಾಮಿಯ ಇಂದಿನ ರೂಪವೊಂದನ್ನೇ ನೋಡಿದವರಿಗೆ ಅದು ‘ಕೆಂತುಮ್’ ಭಾಷೆಯಂತೆ ತೋರಬಹುದು. ಆದರೆ ಅದರ ಖ಼ಕಾರ ‘ಶತ’ದ ಶಕಾರವನ್ನು ದಾಟಿ ಬಂದದ್ದು, ಕಂಠ್ಯಸ್ಥಾನಕ್ಕೆ ಅದು ಹಿಂದಿರುಗಿದ ಧ್ವನಿಯೇ ಹೊರತು ಅಲ್ಲಿಯೇ ಉಳಿದ ಧ್ವನಿಯಲ್ಲ.

3. ಪದಾದಿಯ ವಿಕಾರಗಳು

ಐರಿಶ್‌ನಲ್ಲಿ ‘ಅವನ’, ‘ಅವಳ’, ‘ಅವರ’ ಎಂಬ ಮೂರು ಅರ್ಥಗಳಿಗೂ ‘ಅ’ ಎಂಬ ಒಂದೇ ರೂಪವಿದೆ. ವ್ಯತ್ಯಾಸವನ್ನು ತಿಳಿಸುವುದು ಮುಂದಿನ ಪದದ ಆದಿವ್ಯಂಜನ. ‘ಕತ್’ ಎಂದರೆ ಬೆಕ್ಕು. ‘ಅ ಖ಼ತ್’ ಅವನ ಬೆಕ್ಕು, ‘ಅ ಕತ್’ ಅವಳ ಬೆಕ್ಕು, ‘ಅ ಗತ್’ ಅವರ ಬೆಕ್ಕು. ಈ ವ್ಯವಸ್ಥೆಯ ಕೀಲಿಕೈ ಸಂಸ್ಕೃತದಲ್ಲಿ ಉಳಿದಿದೆ. ಇಲ್ಲಿನ ಸರ್ವನಾಮಗಳಿಗೆ ಸಂವಾದಿಯಾದ ‘ಅಸ್ಯ’ ಸ್ವರದಲ್ಲಿಯೂ ‘ಅಸ್ಯಾಃ’ ಮೂಲತಃ ಸಕಾರದಲ್ಲಿಯೂ ‘ಏಷಾಮ್’ ಅನುನಾಸಿಕದಲ್ಲಿಯೂ ಮುಗಿಯುತ್ತವೆ. ಐರಿಶ್‌ನ ಪೂರ್ವರೂಪದಲ್ಲಿಯೂ ಇಂತಹ ಅಂತ್ಯಗಳೇ ಇದ್ದವು. ಸ್ವರಾಂತ್ಯದ ನಂತರ ಕಕಾರ ಸ್ವರಮಧ್ಯಕ್ಕೆ ಸಿಕ್ಕಿ ಮೃದುವಾಯಿತು. ಸಕಾರದ ನಂತರ ಹಾಗೆಯೇ ಉಳಿಯಿತು. ಅನುನಾಸಿಕದ ನಂತರ ಘೋಷವಾಯಿತು. ಬಳಿಕ ಅಂತ್ಯಗಳು ಸವೆದುಹೋದವು. ಅವುಗಳ ಪರಿಣಾಮ ಮಾತ್ರ ವ್ಯಾಕರಣವಾಗಿ ನಿಂತಿತು.

ಸ್ವರಮಧ್ಯದ ಸ್ಪರ್ಶಗಳ ದುರ್ಬಲತೆ ಇಂಡೋ-ಆರ್ಯನ್‌ನಲ್ಲಿಯೂ ನಡೆದಿದೆ. ‘ಶತ’ದ ತಕಾರ ಅಸ್ಸಾಮಿಯ ‘ಖ಼ೊ’ದಲ್ಲಿ ಇಲ್ಲದಿರುವುದು ಅದರಿಂದಲೇ. ಪ್ರಾಕೃತದಲ್ಲಿ ‘ಅಪಿ’ ಎಂಬ ಅವ್ಯಯ ಅನುಸ್ವಾರದ ನಂತರ ‘ಪಿ’ ಎಂದೂ ಸ್ವರದ ನಂತರ ‘ವಿ’ ಎಂದೂ ಆಗುವುದು ಐರಿಶ್ ವಿಕಾರಕ್ಕೆ ತೀರ ಹತ್ತಿರದ ಸ್ಥಿತಿ. ಆದರೆ ಪ್ರಾಕೃತದಲ್ಲಿ ಅದು ಕೆಲವು ಅವ್ಯಯಗಳಿಗೆ ಸೀಮಿತವಾಯಿತು. ನಾಮಪದ ಮತ್ತು ಕ್ರಿಯಾಪದಗಳ ಆದಿಗೆ ವ್ಯಾಪಿಸಲಿಲ್ಲ. ಧ್ವನಿಪ್ರಕ್ರಿಯೆ ಒಂದೇ ಬಗೆಯದಾದರೂ ವ್ಯಾಕರಣದಲ್ಲಿ ಅದರ ಫಲ ಒಂದೇ ಆಗಬೇಕಿಲ್ಲ.

ಅಸ್ಸಾಮಿಯಲ್ಲಿಯೂ ಪದದ ಮುಂಭಾಗ ಬದಲಾಗುತ್ತದೆ, ಆದರೆ ಬೇರೊಂದು ಕಾರಣಕ್ಕೆ. ನಿಷೇಧದ ಪೂರ್ವಪ್ರತ್ಯಯ ಧಾತುವಿನ ಮೊದಲ ಸ್ವರವನ್ನು ಅನುಕರಿಸುತ್ತದೆ: ‘ನಿಲಿಖೆ’ (ಬರೆಯುವುದಿಲ್ಲ), ‘ನುಖ಼ುನೆ’ (ಕೇಳುವುದಿಲ್ಲ), ‘ನೆದೇಖೆ’ (ನೋಡುವುದಿಲ್ಲ). ಇಂದಿನ ಬಂಗಾಳಿಯ ಪ್ರಧಾನ ವಾಕ್ಯದಲ್ಲಿ ನಿಷೇಧಪದ ಸಾಮಾನ್ಯವಾಗಿ ಕ್ರಿಯಾಪದದ ನಂತರ ಬರುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

4. ಒಡೆತನ, ಅನುಭವ ಮತ್ತು ಎರಡು ಅಸ್ತಿವಾಚಕಗಳು

ಎರಡೂ ಭಾಷೆಗಳಲ್ಲಿ ಒಡೆತನವನ್ನು ಹೇಳುವ ಸಕರ್ಮಕ ಕ್ರಿಯಾಪದ ಮುಖ್ಯವಲ್ಲ. ಐರಿಶ್‌ನಲ್ಲಿ ‘ತಾ ಲ್ಯಾವರ್ ಅಗಮ್’ ಎಂದರೆ ಪದಶಃ ‘ಇದೆ ಪುಸ್ತಕ ನನ್ನಲ್ಲಿ’; ಅಸ್ಸಾಮಿಯಲ್ಲಿ ‘ಮೋರ್ ಎಖನ್ ಕಿತಾಪ್ ಆಸೆ’ ಎಂದರೆ ‘ನನ್ನ ಒಂದು ಪುಸ್ತಕ ಇದೆ’. ಹಸಿವು ಐರಿಶ್‌ನಲ್ಲಿ ವ್ಯಕ್ತಿಯ ‘ಮೇಲೆ’ ಇರುತ್ತದೆ. ಅಸ್ಸಾಮಿಯಲ್ಲಿ ಅನುಭವಿಸುವವನು ಷಷ್ಠಿಯಲ್ಲಿ ಬರುತ್ತಾನೆ. ಕನ್ನಡದಲ್ಲಿ ‘ನನಗೆ ಹಸಿವಾಗಿದೆ’ ಎಂದು ಚತುರ್ಥಿ. ಬೇರೆ ಕುಟುಂಬದ ಕನ್ನಡವೂ ಇದೇ ಸಾಲಿನಲ್ಲಿ ನಿಲ್ಲುವುದರಿಂದ, ಈ ಹೋಲಿಕೆ ತಾನಾಗಿಯೇ ಸಮಾನ ವಂಶಕ್ಕೆ ಪ್ರಮಾಣವಾಗಲಾರದು.

ಎರಡು ಅಸ್ತಿವಾಚಕಗಳ ವಿಭಜನೆಯೂ ಹೀಗೆಯೇ. ಕನ್ನಡ ‘ಅಲ್ಲ’ ಮತ್ತು ‘ಇಲ್ಲ’ಗಳನ್ನು ಬೇರ್ಪಡಿಸುವಂತೆ ಅಸ್ಸಾಮಿ ‘ನೊಹೊಯ್’ ಮತ್ತು ‘ನಾಇ’ಗಳನ್ನು ಬೇರ್ಪಡಿಸುತ್ತದೆ: ‘ಖ಼ಿ ಸಾತ್ರೊ ನೊಹೊಯ್’ (ಅವನು ವಿದ್ಯಾರ್ಥಿಯಲ್ಲ), ‘ಖ಼ಿ ಘೊರೊತ್ ನಾಇ’ (ಅವನು ಮನೆಯಲ್ಲಿ ಇಲ್ಲ). ಐರಿಶ್‌ನಲ್ಲಿ ತಾದಾತ್ಮ್ಯ ಮತ್ತು ವರ್ಗವನ್ನು ಹೇಳುವ ‘ಇಸ್’ ಬೇರೆ, ಇರವು ಮತ್ತು ಸ್ಥಿತಿಯನ್ನು ಹೇಳುವ ‘ತಾ’ ಬೇರೆ. ಅವುಗಳ ನಿಷೇಧರೂಪಗಳು ಕ್ರಮವಾಗಿ ‘ನೀ’ ಮತ್ತು ‘ನೀಲ್’.

ಧಾತುಗಳ ಚರಿತ್ರೆ ಇನ್ನೂ ಬೋಧಪ್ರದ. ‘ತಾ’ ಸಂಸ್ಕೃತದ ‘ಸ್ಥಾ’ ಧಾತುವಿನ ಬಂಧು, ‘ಇಸ್’ ‘ಅಸ್ತಿ’ಯ ಬಂಧು. ಐರಿಶ್‌ನ ‘ಬೀ’ ಮತ್ತು ಅಸ್ಸಾಮಿಯ ‘ಹೊಯ್’ ಎರಡೂ ‘ಭೂ’ ಧಾತುವಿನ ಸಂತತಿ. ಆದರೆ ‘ಬೀ’ ಐರಿಶ್‌ನಲ್ಲಿ ‘ತಾ’ದ ರೂಪಾವಳಿಗೆ, ಅಂದರೆ ಇರವಿನ ಪಕ್ಷಕ್ಕೆ ಸೇರಿದೆ, ‘ಹೊಯ್’ ಅಸ್ಸಾಮಿಯಲ್ಲಿ ತಾದಾತ್ಮ್ಯದ ಪಕ್ಷಕ್ಕೆ ಸೇರಿದೆ. ಧಾತುಗಳು ಪಿತ್ರಾರ್ಜಿತವಾದರೂ ಅವುಗಳ ನಡುವಣ ಕಾರ್ಯವಿಭಜನೆ ಆಯಾ ಭಾಷೆಯ ಸ್ವಾರ್ಜಿತ.

5. ಪುರುಷವಾಚಕ ಮತ್ತು ವ್ಯಕ್ತಿಗಣನೆ

ಕ್ರಿಯಾಪದದ ಹೊರಗೂ ಪುರುಷಪ್ರತ್ಯಯಗಳು ಕಾಣುವುದು ಇವೆರಡರ ಮತ್ತೊಂದು ಲಕ್ಷಣ. ಐರಿಶ್‌ನಲ್ಲಿ ಅವು ಉಪಸರ್ಗಾವ್ಯಯಗಳಿಗೆ ಸೇರುತ್ತವೆ: ‘ಅಗಮ್’ ನನ್ನಲ್ಲಿ, ‘ಅಗತ್’ ನಿನ್ನಲ್ಲಿ. ಅಸ್ಸಾಮಿಯಲ್ಲಿ ಅವು ಬಂಧುವಾಚಕಗಳಿಗೆ ಸೇರುತ್ತವೆ: ‘ಮೋರ್ ಮಾ’ ನನ್ನ ತಾಯಿ, ‘ತೋರ್ ಮಾರ್’ ನಿನ್ನ ತಾಯಿ, ‘ತಾರ್ ಮಾಕ್’ ಅವನ ತಾಯಿ. ಐರಿಶ್‌ನ ರೂಪಗಳು ಅವ್ಯಯ ಮತ್ತು ಸರ್ವನಾಮಗಳು ಬೆಸೆದು ಹುಟ್ಟಿದವು. ಅಸ್ಸಾಮಿಯ ವಿಷಯದಲ್ಲಿ ನೆರೆಯ ಬೋಡೊ ಭಾಷೆಯನ್ನು ನೆನೆಯಬೇಕಾಗುತ್ತದೆ. ಅಲ್ಲಿಯೂ ‘ನನ್ನ ತಂದೆ’, ‘ನಿನ್ನ ತಂದೆ’, ‘ಅವನ ತಂದೆ’ ಎಂಬುದಕ್ಕೆ ಬೇರೆ ಬೇರೆ ರೂಪಗಳಿವೆ. ಆದರೆ ಬೋಡೊ ಪೂರ್ವಪ್ರತ್ಯಯವನ್ನೂ ಅಸ್ಸಾಮಿ ಅಂತ್ಯಪ್ರತ್ಯಯವನ್ನೂ ಬಳಸುತ್ತದೆ. ಆದ್ದರಿಂದ ಸಂಪರ್ಕವನ್ನು ಒಪ್ಪಿದರೂ ಅದು ವಿಭಾಗದ ಎರವಲಾಗಬಹುದೇ ಹೊರತು ಪ್ರತ್ಯಯದ ಎರವಲಲ್ಲ.

ಮನುಷ್ಯರನ್ನು ಎಣಿಸುವಾಗ ಐರಿಶ್ ಪ್ರತ್ಯೇಕ ಸಂಖ್ಯಾನಾಮಗಳನ್ನು ಬಳಸುತ್ತದೆ. ನಮ್ಮ ‘ಇಬ್ಬರು, ಮೂವರು’ಗಳಂತೆ ಅಲ್ಲಿ ‘ಬೆರ್ತ್, ತ್ರೂರ್’. ಅಸ್ಸಾಮಿ ‘ದುಜ಼ನ್, ತಿನಿಜ಼ನ್’ ಎಂದು ವರ್ಗಕವನ್ನು ಸೇರಿಸುತ್ತದೆ. ‘ಜ಼ನ್’ ಸಂಸ್ಕೃತದ ‘ಜನ’. ‘ತ್ರೂರ್’ನ ಉತ್ತರಭಾಗ ಪುರುಷವಾಚಿ ನಾಮಪದವೊಂದರ ಸವೆದ ರೂಪ. ನಾಮಪದ ಸಂಖ್ಯೆಯ ಅಂಗವಾಗುವ ಪ್ರಕ್ರಿಯೆ ಎರಡು ಕಡೆಗಳಲ್ಲಿ ಪ್ರತ್ಯೇಕವಾಗಿ ನಡೆದಿದೆ.

6. ಉಪಸಂಹಾರ

ಮೇಲಿನ ಹೋಲಿಕೆಗಳಲ್ಲಿ ಉತ್ತರಾಧಿಕಾರವನ್ನು ದೃಢವಾಗಿ ಸ್ಥಾಪಿಸುವುದು ಒಂದರಂತೊಂದು ಕಾಣುವ ರೂಪಗಳಲ್ಲ, ನಿಯಮಬದ್ಧವಾದ ಸಂವಾದಿತ್ವ. ಒಡೆತನದ ವಾಕ್ಯಗಳು ಬಹುಮಟ್ಟಿಗೆ ಹೊಂದಿಕೊಂಡರೂ ವಂಶವನ್ನು ಸಾಧಿಸಲಾರವು. ಕಿವಿಗೆ ಹೊಂದದ ‘ಕೇದ್’ ಮತ್ತು ‘ಖ಼ೊ’ಗಳು ಸಾಧಿಸಬಲ್ಲವು. ಲಕ್ಷಣಗಳನ್ನು ‘ಇದೆ’, ‘ಇಲ್ಲ’ ಎಂದು ಪಟ್ಟಿಮಾಡುವ ಅಧ್ಯಯನಗಳು ಪ್ರತಿಯೊಂದು ಲಕ್ಷಣದ ಚರಿತ್ರೆಯನ್ನು ಜೊತೆಗೆ ದಾಖಲಿಸಬೇಕಾದುದು ಇದರಿಂದಲೇ.

ಇದು ಕೇವಲ ವಿಧಾನದ ಸೂಕ್ಷ್ಮವಲ್ಲ. 1836ರಿಂದ 1873ರವರೆಗೆ ಅಸ್ಸಾಮಿನ ನ್ಯಾಯಾಲಯ ಮತ್ತು ಶಾಲೆಗಳಲ್ಲಿ ಬಂಗಾಳಿಯೇ ಭಾಷೆಯಾಗಿತ್ತು. ಅಸ್ಸಾಮಿ ಬಂಗಾಳಿಯದೇ ಒಂದು ರೂಪವೆಂಬ ವಾದ ಆ ವ್ಯವಸ್ಥೆಗೆ ಆಸರೆಯಾಯಿತು. 1855ರಲ್ಲಿ ಆನಂದರಾಮ್ ಢೇಕಿಯಾಲ್ ಫುಕನ್ ಅದರ ವಿರುದ್ಧ ಪುಸ್ತಿಕೆಯನ್ನು ಪ್ರಕಟಿಸಬೇಕಾಯಿತು. ಮುಂದೆ 1903ರಲ್ಲಿ, ಡಬ್ಲಿನ್ ಪ್ರಾಂತದಲ್ಲಿ ಹುಟ್ಟಿದ ಗ್ರಿಯರ್‌ಸನ್ ಭಾರತದ ಭಾಷಾ ಸರ್ವೇಕ್ಷಣೆಯ ಐದನೆಯ ಸಂಪುಟದ ಮೊದಲ ಭಾಗದಲ್ಲಿ ಬಂಗಾಳಿ ಮತ್ತು ಅಸ್ಸಾಮಿಗಳನ್ನು ಎರಡು ಭಾಷೆಗಳಾಗಿ ನಿರೂಪಿಸಿದರು. 1941ರಲ್ಲಿ ಬಾಣೀಕಾಂತ ಕಾಕತಿಯವರ ಗ್ರಂಥ ಅಸ್ಸಾಮಿಯ ಸ್ವತಂತ್ರ ಚರಿತ್ರೆಯನ್ನು ವಿಸ್ತಾರವಾಗಿ ಕಟ್ಟಿಕೊಟ್ಟಿತು. ಹೋಲಿಕೆಯ ಪ್ರಮಾಣವನ್ನು ಅಳೆಯುವುದು ಸುಲಭ. ಅದರ ಮೂಲವನ್ನು ಪರಿಶೀಲಿಸದೆ ಕೊಟ್ಟ ತೀರ್ಪಿನ ಬೆಲೆಯನ್ನು ತೆರಬೇಕಾದವರು ಆ ಭಾಷೆಯನ್ನು ಆಡುವವರು.