ಒಂದೇ ವೈರಸ್, ಬೇರೆ ಬೇರೆ ಪರಿಣಾಮ

ಮನೆಯ ಐವರಿಗೂ ಒಂದೇ ವಾರ ಜ್ವರ. ನಾಲ್ವರು ಗಂಜಿ ಕುಡಿದು ಎದ್ದು ಓಡಾಡಿದರು. ಒಬ್ಬರು ಮಾತ್ರ ಆಸ್ಪತ್ರೆ ಸೇರಿದರು. 2020-21ರ ಕೊರೊನಾ ಕಾಲದಲ್ಲಿ ಇಂಥ ಮನೆಗಳನ್ನು ಎಲ್ಲ ಊರುಗಳಲ್ಲೂ ಕಂಡೆವು. ವೈರಸ್ ಒಂದೇ ಆಗಿದ್ದರೂ ಈ ವ್ಯತ್ಯಾಸವೇಕೆ?

ವಯಸ್ಸು, ಸಕ್ಕರೆ ಕಾಯಿಲೆಯಂಥ ತೊಂದರೆಗಳು ಇದಕ್ಕೆ ಮುಖ್ಯ ಕಾರಣ. ಜೊತೆಗೆ ತಂದೆ ತಾಯಿಯಿಂದ ಬಂದ ವಂಶವಾಹಿಗಳ ಪಾತ್ರವೂ ಇದೆ. ವೈರಸ್ ಹೊಕ್ಕ ಜೀವಕೋಶವು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಅದನ್ನು ತಯಾರಿಸುವ ಸೂಚನೆ ಇರುವುದು ವಂಶವಾಹಿಗಳಲ್ಲಿ. ಆ ಸೂಚನೆಯಲ್ಲಿ ದೋಷವಿದ್ದರೆ ಎಚ್ಚರಿಕೆ ತಡವಾಗುತ್ತದೆ. ಅಷ್ಟರಲ್ಲಿ ವೈರಸ್ ಹಬ್ಬಿರುತ್ತದೆ.

2020ರಲ್ಲಿ ಹ್ಯೂಗೊ ಝೆಬೆರ್ಗ್ ಮತ್ತು ಸ್ವಾಂತೆ ಪಾಬೊ ಎಂಬ ವಿಜ್ಞಾನಿಗಳು ಮತ್ತೊಂದು ಸಂಗತಿ ತಿಳಿಸಿದರು. ಮೂರನೆಯ ವರ್ಣತಂತುವಿನ ಒಂದು ತುಣುಕು ಉಳ್ಳವರಲ್ಲಿ ಕೊರೊನಾ ಉಲ್ಬಣಿಸುವ ಸಾಧ್ಯತೆ ಹೆಚ್ಚು. ಸುಮಾರು 60,000 ವರ್ಷಗಳ ಹಿಂದೆ ಅದು ನಿಯಾಂಡರ್ತಾಲ್ ಮಾನವರಿಂದ ನಮ್ಮ ಪೂರ್ವಜರಿಗೆ ಬಂದದ್ದು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ, ಯುರೋಪಿನಲ್ಲಿ ಶೇಕಡಾ 16ರಷ್ಟು ಜನರಲ್ಲಿ ಅದಿದೆ. ಪೂರ್ವ ಏಷ್ಯಾ ಮತ್ತು ಆಫ್ರಿಕಾದಲ್ಲಿ ಬಹಳ ಅಪರೂಪ.

ನಮ್ಮ ಸೀಮೆಯನ್ನೇ ನೋಡಿ. ಹಳಿಯಾಳ, ಜೋಯಿಡಾಗಳಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಮುಂಡಗೋಡದಲ್ಲಿ 1960ರ ದಶಕದಲ್ಲಿ ನೆಲೆಸಿದ ಟಿಬೆಟನ್ನರಿದ್ದಾರೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಗೆ ದುಡಿಯಲು ಬಂದ ಹಲವು ಪ್ರಾಂತಗಳವರಿದ್ದಾರೆ. ಹಾಗೆಂದು ಜನಾಂಗದ ಹೆಸರು ನೋಡಿ ಯಾರಿಗೂ ಅಪಾಯವಿಲ್ಲ ಎನ್ನುವಂತಿಲ್ಲ. ಸಿದ್ದಿಗಳಲ್ಲಿ ಆಫ್ರಿಕಾದ ಜೊತೆಗೆ ಭಾರತೀಯ ಮತ್ತು ಯುರೋಪಿನ ವಂಶಾಂಶವೂ ಬೆರೆತಿದೆ ಎಂದು 2011ರ ಅಧ್ಯಯನವೊಂದು ತೋರಿಸಿತು. ಒಂದೇ ತಾಯಿಯ ಮಕ್ಕಳಲ್ಲೂ ಒಬ್ಬರಿಗೆ ಆ ತುಣುಕು ಬಂದು, ಇನ್ನೊಬ್ಬರಿಗೆ ಬಾರದಿರಬಹುದು.

ಆ ತುಣುಕು ಕೆಟ್ಟದ್ದೆಂದು ಹಳಿಯುವಂತೆಯೂ ಇಲ್ಲ. ಅದೇ ತುಣುಕು ಎಚ್.ಐ.ವಿ. ಸೋಂಕಿನ ಅಪಾಯವನ್ನು ತಗ್ಗಿಸುತ್ತದೆ ಎಂದು 2022ರಲ್ಲಿ ತಿಳಿದುಬಂತು. ಒಂದು ರೋಗಕ್ಕೆ ಬಾಗಿಲು ತೆರೆಯುವುದು ಇನ್ನೊಂದಕ್ಕೆ ಅಗುಳಿಯಾಗಬಹುದು.

“ನಮ್ಮ ಮನೆತನದ ರಕ್ತ ಗಟ್ಟಿ, ಲಸಿಕೆ ಏಕೆ?” ಎನ್ನುವ ಪಾಲಕರಿದ್ದಾರೆ. “ಎಲ್ಲ ಹಣೆಬರಹ” ಎಂದು ಕೈಚೆಲ್ಲುವವರೂ ಇದ್ದಾರೆ. ಎರಡೂ ತಪ್ಪು. ವಂಶವಾಹಿ ಅಪಾಯವನ್ನು ತುಸು ಹೆಚ್ಚಿಸಬಹುದು, ತುಸು ತಗ್ಗಿಸಬಹುದು; ಅದೇ ಅಂತಿಮ ತೀರ್ಪಲ್ಲ. ಅದನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಲಸಿಕೆ ಹಾಕಿಸುವುದು, ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರನ್ನು ಕಾಣುವುದು ಮಾತ್ರ ನಮ್ಮ ಕೈಯಲ್ಲೇ ಇದೆ.