ಸೂರ್ಯನ ಬೆಳಕಿನಲ್ಲಿ ಮನೆಯ ಸಮಾರಂಭ

ಮಗುವಿನ ಹುಟ್ಟುಹಬ್ಬ, ಅತ್ತೆಯವರ ಉಪವಾಸದ ಪಾರಣೆ, ಮಗಳ ಪರೀಕ್ಷೆಯ ಫಲಿತಾಂಶ, ಹೊಸ ಸೊಸೆಯ ಮೊದಲ ದೀಪಾವಳಿ - ಹೀಗೆ ಪ್ರತಿಯೊಂದು ಸಂಸಾರದಲ್ಲಿಯೂ ವರ್ಷಕ್ಕೆ ನಾಲ್ಕಾರು ಬಾರಿಯಾದರೂ ನೆಂಟರಿಷ್ಟರನ್ನು ಕರೆಯುವ ಸಂದರ್ಭ ಬರುತ್ತದೆ. ತೊಗರಿಬೇಳೆ ಮತ್ತು ಹಾಸುಗಲ್ಲಿಗೆ ಹೆಸರಾದ ನಮ್ಮ ತಾಂಡೂರಿನಂಥ ವ್ಯಾಪಾರದ ಊರಿನಲ್ಲಿ ಇಂಥ ಸಮಾರಂಭಗಳು ಮೆಲ್ಲಮೆಲ್ಲನೆ ರಾತ್ರಿಗೆ ಜಾರುತ್ತಿವೆ. ಯಜಮಾನರು ಅಂಗಡಿಯ ಬಾಗಿಲು ಹಾಕಿ ಬರುವುದೇ ತಡವಾದ್ದರಿಂದ ಇದು ಸಹಜವೆಂದು ತೋರಬಹುದು. ಆದರೆ ಇದರ ಪರಿಣಾಮವೇನು? ರಾತ್ರಿಭೋಜನ ತ್ಯಾಗ ಮಾಡಿದ ಅಜ್ಜ ಅಜ್ಜಿಯರು ಮಗುವಿನ ತಲೆಯ ಮೇಲೆ ಕೈಯಿಟ್ಟು ಹರಸಿ, ಬಾಯಿಗೆ ಏನನ್ನೂ ಹಾಕದೆ ಮನೆಗೆ ಮರಳುತ್ತಾರೆ. ಮನೆಗೆ ಬಂದ ಹಿರಿಯರೇ ಹಸಿದು ಹೋಗುವುದಾದರೆ ಅದೆಂಥ ಸಮಾರಂಭ?

ಇನ್ನೊಂದು ತೊಂದರೆ ಖರ್ಚಿನದು. ರಾತ್ರಿಯ ಸಮಾರಂಭವೆಂದರೆ ದೀಪಾಲಂಕಾರ, ಬಾಡಿಗೆಯ ಹಾಲ್, ಕೇಟರಿಂಗ್, ಬಂದವರಿಗೆಲ್ಲ ಉಡುಗೊರೆ. ಒಬ್ಬರ ಮನೆಯಲ್ಲಿ ಹತ್ತು ಬಗೆಯಾದರೆ ಮುಂದಿನವರ ಮನೆಯಲ್ಲಿ ಹದಿನೈದು ಬಗೆ. ದೊಡ್ಡ ವ್ಯಾಪಾರಸ್ಥರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಅದೇ ಓಣಿಯ ಚಿಕ್ಕ ಕಿರಾಣಿ ಅಂಗಡಿಯವರಿಗೆ ಅದು ಬಂಡವಾಳವನ್ನೇ ಕರಗಿಸುವ ಮಾತು. ಕರೆಯದಿದ್ದರೆ ನಾಚಿಕೆ, ಕರೆದರೆ ಸಾಲ. ನಮ್ಮ ಸಂತೋಷವು ಪಕ್ಕದ ಮನೆಯವರಿಗೆ ಭಾರವಾಗದಂತೆ ನಡೆದುಕೊಳ್ಳುವುದೂ ಒಂದು ಅಹಿಂಸೆಯೇ ಎಂದು ನಾವು ತಿಳಿದಿದ್ದೇವೆ.

ಇವೆರಡಕ್ಕೂ ಒಂದೇ ಪರಿಹಾರವಿದೆ. ಸಮಾರಂಭವನ್ನು ಬೆಳಗಿಗೆ ತನ್ನಿ.

ಬೆಳಗಿನ ಹೊತ್ತೇ ಏಕೆ?

ಸಾಯಂಕಾಲದ ಸಮಾರಂಭ ನಮಗೆ ಕಷ್ಟ. ಮಾರ್ಗಶಿರ ಮಾಸದಲ್ಲಿ ತಾಂಡೂರಿನಲ್ಲಿ ಸೂರ್ಯಾಸ್ತ ಸುಮಾರು ಐದೂಮುಕ್ಕಾಲಕ್ಕೇ ಆಗುತ್ತದೆ. ಅದಕ್ಕೂ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ನಿಯಮದವರು ಐದು ಗಂಟೆಯೊಳಗೆ ಕೈ ತೊಳೆಯಬೇಕು. ಆ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಬೆಳಿಗ್ಗೆಯಾದರೆ ಹಾಗಲ್ಲ. ನವಕಾರಸಿಯ ಪಚ್ಚಕ್ಖಾಣ ಮಾಡಿದವರಿಗೂ ಸೂರ್ಯೋದಯವಾಗಿ 48 ನಿಮಿಷಕ್ಕೆ ಅದು ಪೂರ್ಣವಾಗಿರುತ್ತದೆ. ದೇವದರ್ಶನ ಮುಗಿದಿರುತ್ತದೆ. ರವಿವಾರ ಎಂಟೂವರೆಗೆ ಬನ್ನಿರೆಂದು ಕರೆದರೆ ಹತ್ತು ಗಂಟೆಯೊಳಗೆ ಎಲ್ಲವೂ ಮುಗಿದು, ಯಜಮಾನರು ಅಂಗಡಿಗೆ ಹೊರಡಬಹುದು. ಮಗನ ಹುಟ್ಟುಹಬ್ಬದಲ್ಲಿ ತಂದೆಯೂ ಇರುತ್ತಾರೆಂಬುದು ಸಣ್ಣ ಲಾಭವಲ್ಲ. ದೀಪಾಲಂಕಾರದ ಖರ್ಚಿಲ್ಲ, ಪೂರ್ಣ ಭೋಜನದ ಬದಲು ಫಲಾಹಾರ ಸಾಕು, ಅಂಗಳವೋ ಮಾಳಿಗೆಯೋ ಇದ್ದರೆ ಹಾಲ್ ಬೇಕಿಲ್ಲ.

ಮೊದಲು ಮಿತಿ, ಆಮೇಲೆ ಪಟ್ಟಿ

ಪಂಚಾಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಇಷ್ಟೇ ಸಾಕು ಎಂದು ಗೃಹಸ್ಥನು ತನಗೆ ತಾನೇ ಗೆರೆ ಹಾಕಿಕೊಳ್ಳುವ ವ್ರತವದು. ಸಮಾರಂಭಕ್ಕೂ ಅದೇ ಕ್ರಮ ಒಳ್ಳೆಯದು. ಏನೇನು ತರಬೇಕೆಂದು ಪಟ್ಟಿ ಮಾಡಿ ಆಮೇಲೆ ಕೂಡಿಸಿದರೆ ಮೊತ್ತ ಬೆಳೆಯುತ್ತಲೇ ಹೋಗುತ್ತದೆ. ಮೊದಲು ಮೊತ್ತವನ್ನು ಗೊತ್ತುಮಾಡಿ, ಅದನ್ನು ಹತ್ತು ಪಾಲು ಮಾಡಿ. ಐದು ಪಾಲು ಆಹಾರಕ್ಕೆ, ಒಂದು ಪಾಲು ಅಲಂಕಾರ ಮತ್ತು ಆಟಕ್ಕೆ, ಒಂದು ಪಾಲು ಮಕ್ಕಳ ಕೈಗೆ ಕೊಡುವ ವಸ್ತುವಿಗೆ, ಎರಡು ಪಾಲು ದಾನಕ್ಕೆ, ಒಂದು ಪಾಲು ಆಪತ್ತಿಗೆ. 5000 ರೂಪಾಯಿಯ ಮಿತಿಯಾದರೆ ಆಹಾರಕ್ಕೆ 2500, ದಾನಕ್ಕೆ 1000, ಉಳಿದ ಮೂರಕ್ಕೂ ತಲಾ 500. ಮಿತಿ 2000 ಆದರೂ ಪಾಲು ಇದೇ.

ದಾನದ ಪಾಲನ್ನು ಮಗುವಿನ ಕೈಯಿಂದಲೇ ಕೊಡಿಸಬೇಕು. ಶಾಲೆಯ ಬಡ ಮಕ್ಕಳಿಗೆ ನೋಟುಪುಸ್ತಕ, ಗೋಶಾಲೆಗೆ ಮೇವು, ಯಾರಿಗಾದರೂ ಔಷಧ - ಆಯ್ಕೆಯನ್ನು ಮಗುವಿಗೇ ಬಿಡಿ.

ಇಪ್ಪತ್ತೈದು ಮಂದಿಗೆ ಫಲಾಹಾರ

ಸುಸಲಾ: ಒಂದೂವರೆ ಕಿಲೋ ಚುರುಮುರಿ, ಒಂದು ಕಿಲೋ ಟೊಮ್ಯಾಟೊ, ಕಾಲು ಕಿಲೋ ಶೇಂಗಾ, ಕಾಲು ಕಿಲೋ ಪುಟಾಣಿ ಪುಡಿ, ಆರು ನಿಂಬೆಹಣ್ಣು. ಉಳ್ಳಾಗಡ್ಡಿ ಇಲ್ಲವೆಂಬ ಕೊರತೆ ಕಾಣದಿರಲು ಒಗ್ಗರಣೆಗೆ ಇಂಗು, ಕರಿಬೇವು ಧಾರಾಳವಾಗಿರಲಿ.

ಹೋಳಿಗೆ: ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆ ಹೆಮ್ಮೆ ನಮ್ಮ ತಟ್ಟೆಯಲ್ಲಿಯೂ ಕಾಣಲಿ. ಒಂದು ಕಿಲೋ ತೊಗರಿಬೇಳೆ, ಒಂದು ಕಿಲೋ ಬೆಲ್ಲಕ್ಕೆ ಮಧ್ಯಮ ಗಾತ್ರದ ಸುಮಾರು 40 ಹೋಳಿಗೆಯಾಗುತ್ತವೆ.

ಪಾನಕ: ಐದು ಲೀಟರ್ ಸೋಸಿ ಕಾಯಿಸಿ ಆರಿಸಿದ ನೀರು, ಮುಕ್ಕಾಲು ಕಿಲೋ ಬೆಲ್ಲ, ಹನ್ನೆರಡು ನಿಂಬೆಹಣ್ಣು, ಏಲಕ್ಕಿ, ಶುಂಠಿ ಪುಡಿ. ಪುಟಾಣಿ, ಬೇಳೆಗಳ ಜೊತೆ ಕಾಯಿಸದ ಮೊಸರು, ಮಜ್ಜಿಗೆ ಸೇರಿದರೆ ದ್ವಿದಳ ದೋಷವಾಗುವುದರಿಂದ ಮಜ್ಜಿಗೆಗಿಂತ ಪಾನಕವೇ ಲೇಸು.

ಇವುಗಳ ಜೊತೆ ತಲೆಗೊಂದು ಬಾಳೆಹಣ್ಣು. ಮಕ್ಕಳು ಬೋಂಡಾ ಬೇಕೆಂದು ಹಟ ಹಿಡಿದರೆ ಬಟಾಟೆಯ ಬದಲು ಬೇಯಿಸಿದ ಬಾಳೆಕಾಯಿ ಉಪಯೋಗಿಸಿ; ರುಚಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣದು.

ಕೇಕ್ ಬೇಕೇ ಬೇಕೆನ್ನುವವರು ಮೊಟ್ಟೆ ಇಲ್ಲದಿರುವುದನ್ನಷ್ಟೇ ನೋಡಿದರೆ ಸಾಲದು. ಮೊಲ, ಮೀನು, ಗೊಂಬೆಯ ಆಕಾರದ್ದನ್ನು ಮಗುವಿನ ಕೈಯಿಂದ ಕತ್ತರಿಸಬಾರದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಕ್ಕೇ ಯಶೋಧರ ಮತ್ತು ಅವನ ತಾಯಿ ಎಷ್ಟು ಜನ್ಮ ತೊಳಲಬೇಕಾಯಿತೆಂಬುದನ್ನು ಕವಿ ಜನ್ನನು 1209ರಲ್ಲಿಯೇ ಕನ್ನಡದಲ್ಲಿ ಹೇಳಿದ್ದಾನೆ. ಮೇಣದ ಬತ್ತಿಯನ್ನು ಆರಿಸುವ ಬದಲು ಮಗು ಎಲ್ಲರ ಕೈಗೂ ಒಂದೊಂದು ಸಿಹಿ ಕೊಟ್ಟು ಜೈ ಜಿನೇಂದ್ರ ಎನ್ನಲಿ.

ಚೂರುಬಟ್ಟೆಯ ತೋರಣ

ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಅವುಗಳ ಬದಲಿಗೆ ಬಟ್ಟೆ ಅಂಗಡಿಯಲ್ಲಿ ಉಳಿಯುವ ಚೂರುಗಳು ಸಾಕು. ಕೆಂಪು, ಹಳದಿ, ಬಿಳಿ, ಹಸಿರು, ಕಡುನೀಲಿ - ಈ ಐದು ಬಣ್ಣದಲ್ಲಿ ತಲಾ ಮೂರರಂತೆ 15 ತ್ರಿಕೋನ ಕತ್ತರಿಸಿ. ಬುಡ 15 ಸೆಂಟಿಮೀಟರ್, ಉದ್ದ 20 ಸೆಂಟಿಮೀಟರ್ ಇರಲಿ. ನಾಲ್ಕು ಸೆಂಟಿಮೀಟರ್ ಅಂತರ ಬಿಟ್ಟು ಮೂರು ಮೀಟರ್ ಪಟ್ಟಿಗೆ ಹೊಲಿದರೆ ಬಾಗಿಲಿಗೆ ತೋರಣ ಸಿದ್ಧ. ಇವು ಪಂಚಪರಮೇಷ್ಠಿಗಳನ್ನು ಸೂಚಿಸುವ ಬಣ್ಣಗಳು; ಮಹಾವೀರ ಸ್ವಾಮಿಯ 2500ನೇ ನಿರ್ವಾಣ ವರ್ಷಾಚರಣೆಯ ಕಾಲದಲ್ಲಿ, 1974-75ರಲ್ಲಿ, ಎಲ್ಲ ಪಂಥದವರೂ ಒಪ್ಪಿದ ಜೈನ ಧ್ವಜದ ಬಣ್ಣಗಳೂ ಇವೇ. ಒಗೆದರೆ ವರ್ಷಾನುಗಟ್ಟಲೆ ಬಾಳುತ್ತದೆ.

ಹಳೆಯ ಲಗ್ನಪತ್ರಿಕೆಯ ಆಟ

ದಪ್ಪ ಕಾಗದದ ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ 48 ಚೀಟಿ ಮಾಡಿ. ಅಚ್ಚಾದ ಬದಿಗೆ ಬಿಳಿ ಕಾಗದ ಅಂಟಿಸಿ. 24ರಲ್ಲಿ ತೀರ್ಥಂಕರರ ಹೆಸರು, 24ರಲ್ಲಿ ಲಾಂಛನದ ಚಿತ್ರ: ಆದಿನಾಥರಿಗೆ ವೃಷಭ, ಅಜಿತನಾಥರಿಗೆ ಆನೆ, ಚಂದ್ರಪ್ರಭರಿಗೆ ಚಂದ್ರ, ನೇಮಿನಾಥರಿಗೆ ಶಂಖ, ಪಾರ್ಶ್ವನಾಥರಿಗೆ ಸರ್ಪ, ಮಹಾವೀರರಿಗೆ ಸಿಂಹ. ಬೋರಲು ಹಾಕಿದ ಚೀಟಿಗಳನ್ನು ಎರಡೆರಡಾಗಿ ತಿರುಗಿಸಿ ಜೋಡಿ ಹುಡುಕುವುದೇ ಆಟ. ಶೀತಲನಾಥರಿಗೆ ದಿಗಂಬರರಲ್ಲಿ ಕಲ್ಪವೃಕ್ಷ, ಶ್ವೇತಾಂಬರರಲ್ಲಿ ಶ್ರೀವತ್ಸ. ಎರಡೂ ಕಡೆಯ ಮಕ್ಕಳು ಸೇರಿದಾಗ ಇದನ್ನು ಅಜ್ಜನವರೇ ವಿವರಿಸಲಿ. ಚೀಟಿಗಳು ನೆಲಕ್ಕೆ ಬೀಳುವುದರಿಂದ ಲಾಂಛನವನ್ನಷ್ಟೇ ಬರೆಯಬೇಕು, ತೀರ್ಥಂಕರರ ಬಿಂಬವನ್ನಲ್ಲ. ಆಟವನ್ನು ಚಾಪೆಯ ಮೇಲಿಟ್ಟು ಆಡಿಸಿ.

ದೊಡ್ಡ ಮಕ್ಕಳಿಗೆ ಸೀರೆಯ ಡಬ್ಬಿಯ ರಟ್ಟಿನ ಮೇಲೆ ಹಾವು ಏಣಿ ಬರೆದುಕೊಡಬಹುದು. ಗುಜರಾತ, ರಾಜಸ್ಥಾನಗಳ ಜೈನ ಮನೆಗಳಲ್ಲಿ ಪರ್ಯುಷಣದ ದಿನಗಳಲ್ಲಿ ಆಡುತ್ತಿದ್ದ ಜ್ಞಾನಬಾಜಿಯೇ ಇಂಥ ಆಟ. ಅದರ ಹಲವು ಹಳೆಯ ಪಟಗಳಲ್ಲಿ 84 ಮನೆಗಳಿವೆ. ಏಣಿಯ ಬುಡದಲ್ಲಿ ಕ್ಷಮೆ, ಸತ್ಯ, ದಾನ. ಹಾವಿನ ಬಾಯಲ್ಲಿ ಕ್ರೋಧ, ಮಾನ, ಮಾಯೆ, ಲೋಭ ಎಂದು ಮಕ್ಕಳೇ ಬರೆಯಲಿ. ದಾಳಕ್ಕೆ ಹುಣಸೆ ಬೀಜವನ್ನು ಸೀಳಿ ಉಪಯೋಗಿಸಬಹುದು.

ಓಣಿಗೊಂದು ಪೆಟ್ಟಿಗೆ

ನಾಲ್ಕೈದು ಮನೆಗಳು ಸೇರಿ ಒಂದು ಟ್ರಂಕು ಇಟ್ಟುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ. 30 ಸ್ಟೀಲ್ ತಟ್ಟೆ, 30 ಲೋಟ, 30 ಚಮಚ, ಎರಡು ದೊಡ್ಡ ಪಾತ್ರೆ, ತೋರಣ, ಆಟದ ಚೀಟಿಗಳು ಅದರಲ್ಲಿರಲಿ. ಮುಚ್ಚಳದ ಒಳಬದಿಗೆ ಸ್ಟಾಕಿನ ಪಟ್ಟಿ ಅಂಟಿಸಿ. ಒಯ್ದವರು ತೊಳೆದು, ಒರೆಸಿ, ಎಣಿಸಿ, ಸಹಿ ಹಾಕಿ ಮುಂದಿನ ಮನೆಗೆ ದಾಟಿಸಬೇಕು. ಬಟ್ಟೆಯ ನಡುವೆ ಒಣಗಿದ ಬೇವಿನೆಲೆ, ಲವಂಗ ಇಟ್ಟರೆ ಹುಳು ಹತ್ತಿರ ಬರುವುದಿಲ್ಲ. ಕೊಲ್ಲುವ ಔಷಧ ಬೇಕಾಗುವುದಿಲ್ಲ. ಎಲ್ಲರ ಮನೆಯಲ್ಲಿಯೂ ಅದೇ ತಟ್ಟೆ, ಅದೇ ತೋರಣ ಕಂಡಾಗ ಹೆಚ್ಚು ಕಡಿಮೆಯ ಮಾತೇ ಉಳಿಯುವುದಿಲ್ಲ. ಚಿಕ್ಕ ಅಂಗಡಿಯವರ ಮನೆಯ ಮಗುವೂ ತಲೆಯೆತ್ತಿ ಗೆಳೆಯರನ್ನು ಕರೆಯಬಹುದು.

ಮನೆಯಲ್ಲಿ ಜಾಗ ಸಾಲದವರು ಬುತ್ತಿ ಕಟ್ಟಿಕೊಂಡು ಮಳಖೇಡಕ್ಕೆ ಹೋಗಿಬರಬಹುದು. ತಾಂಡೂರಿನಿಂದ ವಾಡಿಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಸೇಡಂ ದಾಟಿದರೆ ಮಳಖೇಡ ರೋಡ್ ನಿಲ್ದಾಣ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಮಾನ್ಯಖೇಟದಲ್ಲಿ ನೇಮಿನಾಥ ಬಸದಿ ಇಂದಿಗೂ ಇದೆ. ನಮ್ಮೂರಿನ ಬಳಿ ಹರಿಯುವ ಕಾಗಿಣೆಯೇ ಅಲ್ಲಿಯೂ ಹರಿಯುತ್ತಾಳೆ. ಬಸದಿಯ ದರ್ಶನ ಮಾಡಿ, ಹೊರಗೆ ನೆರಳಿನಲ್ಲಿ ಬುತ್ತಿ ಬಿಚ್ಚಿ, ಹೊತ್ತು ಮುಳುಗುವ ಮೊದಲೇ ಹಿಂದಿರುಗಿದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಹುಟ್ಟುಹಬ್ಬ ಬೇಕಿಲ್ಲ. ನಿಲ್ದಾಣದಿಂದ ಊರಿಗೆ ವಾಹನವನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ.

ದೀಪಾವಳಿಗೆ ನಾವು ಅಂಗಡಿಯ ಹೊಸ ವಹಿಗೆ ಪೂಜೆ ಸಲ್ಲಿಸುತ್ತೇವೆ. ಈ ಸಲ ಅದರ ಪಕ್ಕದಲ್ಲಿ ಮನೆಯದೂ ಒಂದು ಚಿಕ್ಕ ವಹಿ ಇರಲಿ. ಬರುವ ವರ್ಷದ ಸಮಾರಂಭಗಳಾವುವು, ಒಂದೊಂದಕ್ಕೆ ಮಿತಿ ಎಷ್ಟು, ದಾನಕ್ಕೆ ಎಷ್ಟು ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಮೊದಲ ಪುಟದಲ್ಲಿ ಬರೆಯಿರಿ. ಬರೆದ ಮಿತಿಯನ್ನು ಮೊದಲು ಪಾಲಿಸಬೇಕಾದವರು ಉಳ್ಳವರು. ಅವರು ಕೈ ಹಿಡಿತ ಮಾಡಿದರೆ ಇಲ್ಲದವರ ಮನೆಯ ಬಾಗಿಲಿಗೂ ತೋರಣ ಏರುತ್ತದೆ.