ಹಿಂದಿನ ಸೀಟಿನವಳ ಮಾತೂ ಕೇಳಿ: ಬೈಕ್‌ನಲ್ಲಿ ಇಬ್ಬರ ದೂರದ ಪ್ರಯಾಣ

ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಎಲ್ಲರಿಗೂ ಒಂದು ಕಂಡಿಷನ್. ನೀವೀಗ ಬೈಕ್ ಓಡಿಸ್ತಾ ಇದ್ದರೆ ದಯವಿಟ್ಟು ಇದನ್ನ ಆಫ್ ಮಾಡಿ, ಮನೆ ಸೇರಿದ ಮೇಲೆ ಕೇಳಿ.

ಗಂಡ ಹೆಂಡತಿ ಬೈಕ್‌ನಲ್ಲಿ ದೂರದ ಊರಿಗೆ ಹೋಗೋದು ಹೇಗೆ ಅನ್ನೋದರ ಬಗ್ಗೆ ವಿಡಿಯೊಗಳಿಗೇನೂ ಬರ ಇಲ್ಲ. ಹೆಚ್ಚಿನವು ಹ್ಯಾಂಡಲ್ ಹಿಡಿದವರು ಹೇಳಿದ್ದು. ನಾನು ಹಿಂದಿನ ಸೀಟಿನವಳು. ಬೆಂಗಳೂರಿನಿಂದ ಹಂಪಿ, ಬಾದಾಮಿ ಮೇಲೆ ವಿಜಯಪುರದವರೆಗೆ ಹೋಗಿ ಬಂದ ಮೇಲೆ ನನಗೆ ಅರ್ಥವಾದದ್ದನ್ನು ಹೇಳ್ತೀನಿ.

ನಮ್ಮ ಮೊದಲ ಪ್ಲಾನ್ ಕೇಳಿ. ಬೆಂಗಳೂರಿನಿಂದ ಬಾದಾಮಿ ಸುಮಾರು 450 ಕಿಲೋಮೀಟರ್. ‘ಒಂದೇ ದಿನಕ್ಕೆ ಹೊಡೆದುಬಿಡೋಣ, ಚಿತ್ರದುರ್ಗ, ಹಂಪಿ ಎಲ್ಲ ಬರುವಾಗ ನೋಡೋಣ’ ಅಂದರು ಇವರು. ನಾನೂ ಹೂಂ ಅಂದೆ. ಹಿಂದಿನ ರಾತ್ರಿ ಆಫೀಸ್ ಕೆಲಸ ಮುಗಿಸಿ ಇವರು ಮಲಗಿದಾಗ ಒಂದು ಗಂಟೆ. ಬೆಳಿಗ್ಗೆ ಹೊರಟಾಗ ಎಂಟು. ಟ್ರಾಫಿಕ್ ದಾಟಿ, ಚಿತ್ರದುರ್ಗದ ಹತ್ತಿರ ಊಟ ಮಾಡುವಷ್ಟರಲ್ಲಿ ಮಧ್ಯಾಹ್ನ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಸ್ತೆಯಿಂದಲೇ ನೋಡಿ ಮುಂದೆ ಹೋದೆವು.

ಹೊಸಪೇಟೆ ರಸ್ತೆಯಲ್ಲಿ ಕೂಡ್ಲಿಗಿ ಹತ್ತಿರ ಬರುವಾಗ ಮೂರು ಗಂಟೆ. ನನ್ನ ಬಲಗಾಲು ಜೋಮು ಹಿಡಿದು ಅರ್ಧ ಗಂಟೆ ಆಗಿತ್ತು. ಎರಡು ಸಲ ‘ರೀ, ಸ್ವಲ್ಪ ನಿಲ್ಸಿ’ ಅಂದೆ. ಗಾಳಿ ಸದ್ದಿಗೆ ಕೇಳಿಸಲಿಲ್ಲ. ಮೂರನೇ ಸಲ ಕೂಗಬಹುದಿತ್ತು, ಕೂಗಲಿಲ್ಲ. ‘ಬೈಕ್‌ನಲ್ಲಿ ಅಷ್ಟು ದೂರ ನಿನ್ನ ಕೈಲಾಗಲ್ಲ’ ಅಂತ ಅಮ್ಮ ಹೇಳಿದ್ದು ತಲೆಯಲ್ಲಿತ್ತು. ಸುಸ್ತಾಯ್ತು ಅಂತ ಮೊದಲು ನಾನೇ ಹೇಳೋದು ಬೇಡ ಅಂತ ಸುಮ್ಮನಾದೆ.

ಆಗ ಇವರ ಹೆಲ್ಮೆಟ್ ಮೆಲ್ಲಗೆ ಮುಂದಕ್ಕೆ ಬಾಗಿತು. ಬೈಕ್ ರಸ್ತೆ ಅಂಚಿನ ಬಿಳಿ ಗೆರೆ ದಾಟಿ ಎಡಕ್ಕೆ ಸರಿಯಿತು. ಬೆನ್ನಿಗೆ ಜೋರಾಗಿ ಹೊಡೆದೆ. ಎಚ್ಚೆತ್ತು, ಸಾವರಿಸಿಕೊಂಡು ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದರು. ಹಿಂದಿನಿಂದ ಬರುತ್ತಿದ್ದ ಲಾರಿ ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹಾದುಹೋಯಿತು. ಐದು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಆಗಿದ್ದೇನು? ನಮ್ಮ ದೇಹದ ಗಡಿಯಾರಕ್ಕೆ ರಾತ್ರಿಯಂತೆ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆಯೂ ಒಂದು ಮಂಪರು ಇರುತ್ತೆ. ನಿದ್ದೆಗೆಟ್ಟಿದ್ದರೆ, ಬಿಸಿಲಿದ್ದರೆ, ರಸ್ತೆ ನೇರವಾಗಿದ್ದರೆ ಅದು ಇನ್ನೂ ಹೆಚ್ಚು. ಕಣ್ಣು ತೆರೆದಿದ್ದರೂ ಮೆದುಳು ಕೆಲವು ಸೆಕೆಂಡ್ ಮಲಗಿಬಿಡಬಹುದು. ಮುಖಕ್ಕೆ ನೀರು ಹಾಕೋದು, ಹಾಡು ಹೇಳೋದು ಇದಕ್ಕೆ ಮದ್ದಲ್ಲ. ಬೈಕ್ ನಿಲ್ಲಿಸಿ ಹದಿನೈದು–ಇಪ್ಪತ್ತು ನಿಮಿಷ ಮಲಗಬೇಕು. ಕಾಫಿ ಕುಡಿದರೂ ಅದು ಕೆಲಸ ಶುರುಮಾಡೋಕೆ ಸುಮಾರು ಅಷ್ಟೇ ಹೊತ್ತು ಬೇಕು. ಹಾಗಾಗಿ ಕಾಫಿ ಕುಡಿದೇ ಮಲಗಿ. ಏಳುವಾಗ ಎರಡರ ಲಾಭವೂ ಸಿಗುತ್ತೆ.

ಅವತ್ತು ಹೊಸಪೇಟೆಯಲ್ಲೇ ಉಳಿದೆವು. ರೂಮಿನಲ್ಲಿ ಕೂತು ಪ್ಲಾನ್ ಬದಲಿಸಿದೆವು. ಕಿಲೋಮೀಟರ್ ಲೆಕ್ಕ ಬಿಟ್ಟು ನಿಲ್ಲುವ ಲೆಕ್ಕ ಹಾಕಿದೆವು. ಒಂದೂವರೆ ಗಂಟೆಗೊಮ್ಮೆ ಇಳಿಯಲೇಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು ಬೈಕ್ ಮುಟ್ಟೋದಿಲ್ಲ, ಆ ಹೊತ್ತಿಗೆ ಯಾವುದಾದರೂ ನೆರಳಲ್ಲಿ ಇರಬೇಕು. ಕತ್ತಲಾದ ಮೇಲೆ ಹೆದ್ದಾರಿ ಇಲ್ಲ.

ಇನ್ನೊಂದು, ಸನ್ನೆ. ಎಡ ಭುಜಕ್ಕೆ ಒಂದು ತಟ್ಟಿದರೆ ‘ನಿಧಾನ’. ಎರಡು ತಟ್ಟಿದರೆ ‘ಒಳ್ಳೆ ಜಾಗ ಸಿಕ್ಕಾಗ ನಿಲ್ಸಿ’. ಮೂರು ತಟ್ಟಿದರೆ ‘ಈಗಲೇ’. ಮೂರಕ್ಕೆ ‘ಯಾಕೆ’ ಅಂತ ಕೇಳೋ ಹಾಗಿಲ್ಲ, ನಿಲ್ಲಿಸಿದ ಮೇಲೆ ಕೇಳಬೇಕು.

ಹಿಂದೆ ಕೂತವರಿಗೆ ಕಷ್ಟ ಯಾಕೆ ಹೆಚ್ಚು ಗೊತ್ತಾ? ಓಡಿಸುವವರಿಗೆ ಗುಂಡಿ ಮೊದಲೇ ಕಾಣುತ್ತೆ, ಮೈ ಬಿಗಿ ಮಾಡಿಕೊಳ್ತಾರೆ. ನಮಗೆ ಕಾಣಲ್ಲ. ನಮ್ಮ ಸೀಟು ಹಿಂದಿನ ಚಕ್ರದ ಮೇಲೇ ಇರೋದರಿಂದ ಹೊಡೆತ ನೇರವಾಗಿ ಬೆನ್ನಿಗೆ ಬರುತ್ತೆ. ಅದಕ್ಕೇ ಹೊರಡುವ ಮುಂಚೆ ಇಷ್ಟು ಮಾಡಿ. ಇಬ್ಬರು ಕೂತಾಗ ಹಿಂದಿನ ಟೈರ್‌ಗೆ ಎಷ್ಟು ಗಾಳಿ ಬೇಕು ಅಂತ ಬೈಕ್ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತೆ, ಟೈರ್ ತಣ್ಣಗಿರುವಾಗ ಹಾಕಿಸಿ. ಹಿಂದಿನ ಶಾಕ್ ಅಬ್ಸಾರ್ಬರ್ ಅನ್ನು ಇಬ್ಬರ ಭಾರಕ್ಕೆ ತಕ್ಕಂತೆ ಗಟ್ಟಿ ಮಾಡಿಸಿ. ಭಾರದ ಲಗೇಜ್ ಹಿಂದೆ ಕೂತವರ ಬೆನ್ನಿಗೆ ಹಾಕಬೇಡಿ, ಬೈಕ್‌ನ ಎರಡೂ ಪಕ್ಕಕ್ಕೆ ಸಮನಾಗಿ, ಕೆಳಗೆ ಕಟ್ಟಿ. ದುಪಟ್ಟಾ, ಸೆರಗು ಚಕ್ರಕ್ಕೆ ಸಿಕ್ಕದ ಹಾಗೆ ನೋಡಿಕೊಳ್ಳಿ. ಹೆಲ್ಮೆಟ್ ಇಬ್ಬರಿಗೂ ಬೇಕು. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹಿಂದೆ ಕೂತವರಿಗೂ ಅನ್ವಯಿಸುತ್ತೆ. ರಾಷ್ಟ್ರೀಯ ಹೆದ್ದಾರಿ ಸಹಾಯಕ್ಕೆ 1033, ತುರ್ತಿಗೆ 112. ಎರಡೂ ನಂಬರ್ ಫೋನ್‌ನಲ್ಲಿರಲಿ.

ಹೊಸ ಪ್ಲಾನ್‌ನಿಂದ ಪ್ರವಾಸವೇ ಬೇರೆ ಆಯ್ತು. ಹಂಪಿಯಲ್ಲಿ ಬೆಳಿಗ್ಗೆ ಬೇಗ ವಿಜಯ ವಿಠ್ಠಲ ದೇವಸ್ಥಾನಕ್ಕೆ ನಡೆದೆವು. 50 ರೂಪಾಯಿ ಹೊಸ ನೋಟಿನ ಹಿಂದೆ ಇರೋ ಕಲ್ಲಿನ ರಥ ಇಲ್ಲೇ ಇರೋದು. ಅದು ನಿಜಕ್ಕೂ ಗರುಡನ ಗುಡಿ. ಆ ನಡಿಗೆಯಲ್ಲೇ ನನ್ನ ಕಾಲಿಗೆ ಜೀವ ಬಂತು. ಬಾದಾಮಿಯ ಸುಡು ಮಧ್ಯಾಹ್ನವನ್ನು ಬಂಡೆ ಕೊರೆದ ಗುಹೆಗಳ ತಂಪಿನಲ್ಲಿ ಕಳೆದೆವು. ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಅಲ್ಲಿ ಮಂಗಗಳಿವೆ, ಬ್ಯಾಗ್ ಜಿಪ್ ಹಾಕಿರಲಿ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆಯೂ ಹತ್ತಿರವೇ. ಐಹೊಳೆಯ ‘ದುರ್ಗ ದೇವಾಲಯ’ದ ಹೆಸರು ದುರ್ಗಾದೇವಿಯಿಂದ ಬಂದಿದ್ದಲ್ಲ, ದುರ್ಗ ಅಂದರೆ ಕೋಟೆ, ಅದರಿಂದ. ಇದೂ ಗಡಿಬಿಡಿಯಿಲ್ಲದೆ ನಿಂತು ನೋಡಿದ್ದಕ್ಕೇ ಗೊತ್ತಾಗಿದ್ದು.

ಕೊನೆಗೆ ವಿಜಯಪುರ. 1656ರ ಹೊತ್ತಿಗೆ ಕಟ್ಟಿದ ಮಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟ. ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋದೆವು. ಇವರು ಈ ಕಡೆ ಗೋಡೆಗೆ, ನಾನು ಎದುರಿನ ಗೋಡೆಗೆ. ‘ರೀ, ನಿಲ್ಸಿ’ ಅಂತ ಪಿಸುಗುಟ್ಟಿದೆ. ಬಾಗಿದ ಗೋಡೆಗುಂಟ ಸದ್ದು ಸಾಗಿ ಅಷ್ಟು ದೂರದ ಇವರ ಕಿವಿಗೆ ಬಿತ್ತು. ಇವರು ನಗಲಿಲ್ಲ. ‘ಅವತ್ತು ಬೆನ್ನ ಹಿಂದೆ ಕೂಗಿದ್ದು ಕೇಳಿಸಲಿಲ್ಲ ನೋಡು’ ಅಂದರು. ‘ಮೂರನೇ ಸಲ ನಾನು ಕೂಗಲೇ ಇಲ್ಲ’ ಅಂದೆ. ಅವತ್ತಿನವರೆಗೆ ಅದನ್ನು ಇವರಿಗೆ ಹೇಳಿರಲಿಲ್ಲ.

ಆ ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ಈಗ ಲೆಕ್ಕ ಹಾಕಿ. ಗಂಟೆಗೆ 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಎರಡೇ ಸೆಕೆಂಡ್ ತೂಕಡಿಸಿದರೆ 44 ಮೀಟರ್. ಇಡೀ ಗೋಳಗುಮ್ಮಟದಷ್ಟು ದೂರ ಬೈಕ್ ಅನ್ನು ಯಾರೂ ಓಡಿಸುತ್ತಿರುವುದಿಲ್ಲ.

ಅದಕ್ಕೇ ಹೇಳ್ತಿರೋದು. ನೋಡುವ ಜಾಗಗಳನ್ನು ‘ಟೈಮ್ ಇದ್ದರೆ ನೋಡೋಣ’ ಅಂತ ಇಟ್ಟುಕೊಳ್ಳಬೇಡಿ. ಅವೇ ನಿಮ್ಮ ವಿಶ್ರಾಂತಿ. ಹಿಂದೆ ಕೂತವರೇ, ನೀವು ಲಗೇಜ್ ಅಲ್ಲ. ಮುಂದಿನವರ ಕಣ್ಣು ಎಳೆಯೋದು ಮೊದಲು ಗೊತ್ತಾಗೋದು ನಿಮಗೇ. ಸಂಕೋಚ ಬೇಡ, ತಟ್ಟಿ.

ವಾಪಸ್ ಬರುವಾಗ ನಾವು ಚಿತ್ರದುರ್ಗದಲ್ಲಿ ಇಳಿದೆವು. ಕೋಟೆ ಹತ್ತಿ, ಒನಕೆ ಓಬವ್ವನ ಕಿಂಡಿ ನೋಡಿ, ಅಲ್ಲೇ ರಾತ್ರಿ ಉಳಿದು ಮರುದಿನ ಮನೆ ಸೇರಿದೆವು. ಒಂದು ದಿನ ಹೆಚ್ಚಾಯ್ತು. ಅಮ್ಮನಿಗೆ ಫೋನ್ ಮಾಡಿ ‘ಬಂದ್ವಿ’ ಅಂದೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿ ಓಡಿಸಿ, ಆಗಾಗ ನಿಲ್ಲಿಸಿ.